ಹೊಲಿಗೆ ಮೆಷಿನ್ನಿನ ಸದ್ದು, ನಮ್ಮ ಬೆಕ್ಕು

ಮಗಳೇ,

ರಾತ್ರಿ ನೀನು ಉಣ್ಣದೆ ಮಲಗಿದ್ದು ಗೊತ್ತು. ತಿಂಡಿ ಮುಚ್ಚಿಟ್ಟಿದ್ದೇನೆ, ಮೊದಲು ತಿನ್ನು.

ನೀನು ಹಿತ್ತಿಲ ಬಾಗಿಲು ಬೇಗ ಹಾಕಿದ್ದಕ್ಕೇ ಬೆಕ್ಕು ಮನೆಗೆ ಬರಲಿಲ್ಲ ಅಂತ ನಿನ್ನೆ ನೆರೆಯವರ ಮುಂದೆ ಬೈದೆನಲ್ಲ, ತಪ್ಪು ನಿನ್ನದಲ್ಲ. ಎಲ್ಲಿ ಅಲೆದರೂ ಅದು ನನ್ನ ಹೊಲಿಗೆ ಮೆಷಿನ್ನಿನ ಕಟಕಟ ಕೇಳಿಯೇ ಮನೆಯ ದಾರಿ ಹಿಡಿಯುತ್ತಿತ್ತು. ಆ ಸದ್ದಿಗೆ ತಲೆನೋವೆಂದು ನಿನ್ನೆ ಮಧ್ಯಾಹ್ನ ನಾನೇ ಎಣ್ಣೆ ಬಿಟ್ಟು, ಚಕ್ರದ ಪಕ್ಕದ ತಿರುಪು ಬಿಗಿ ಮಾಡಿದೆ. ಮೆಷಿನ್ನು ಮೂಗಿಯಾಯಿತು. ಇದು ರಾತ್ರಿಯೇ ಹೊಳೆದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಈ ಬಾಯಿ ಆಗ ತೆರೆಯಲಿಲ್ಲ.

ಗಿರಾಕಿಗೆ ಅಂಗಿ ಕೊಟ್ಟು, ಬಡಗಿಯ ಮರದ ರಾಶಿಯ ಹಿಂದೆಯೂ ಹುಡುಕಿ ಬರುತ್ತೇನೆ. ಅಷ್ಟರಲ್ಲಿ ನೀನು ಬೀದಿಯ ಕಿಟಕಿ ತೆರೆದು, ಆ ತಿರುಪನ್ನು ಎರಡು ಸುತ್ತು ಸಡಿಲಿಸಿ, ದಾರ ಹಾಕದೆ ಸುಮ್ಮನೆ ತುಳಿಯುತ್ತಿರು. ಕಾಲು ನೋಯುತ್ತದೆ, ನಡುವೆ ಸುಧಾರಿಸಿಕೋ. ಪಕ್ಕದ ಮನೆ ಅಜ್ಜಿ "ಏನಮ್ಮಾ, ಬೆಳಬೆಳಗ್ಗೆ ರೈಲು ಬಿಡ್ತಿದ್ದೀಯಾ?" ಅಂದರೆ ನಾನೇ ಹೇಳಿದ್ದೆಂದು ಹೇಳು.

ಬೆಕ್ಕು ಬರಲಿ, ಬಾರದಿರಲಿ, ಸಂಜೆ ಅದೇ ನೆರೆಯವರನ್ನು ಕರೆದು ತಪ್ಪು ನನ್ನದೆಂದು ಹೇಳುತ್ತೇನೆ. ಬೈಯುವಾಗ ಎಷ್ಟು ಗಟ್ಟಿಯಾಗಿ ಕೂಗಿದ್ದೆನೋ, ಅಷ್ಟೇ ಗಟ್ಟಿಯಾಗಿ.

ನಿನ್ನ ಅತ್ತೆ