ಇಪ್ಪತ್ತೇಳನೇ ಪೆಟ್ಟಿಗೆಯ ‘ಬೇಡ’

ಜೂನ್ 3, ಸೋಮವಾರ

ತೇವಾಂಶ ಅಳೆಯುವ ಮೀಟರು ಮತ್ತೆ ಕೆಟ್ಟಿದೆ. ಅರವತ್ತೆರಡಕ್ಕೆ ನಿಂತಿದೆ, ತಟ್ಟಿದರೂ ಕದಲುವುದಿಲ್ಲ. ರಿಜಿಸ್ಟರಿನಲ್ಲಿ ಅರವತ್ತೆರಡು ಅಂತಲೇ ಬರೆದೆ. ಇದು ಮೂರನೇ ದಿನ. ಹೊಸ ಸಂಗ್ರಹದ ಪೆಟ್ಟಿಗೆ 31, 32 ಮುಗಿದವು. ಕಾಗದಗಳಿಂದ ಕಿತ್ತ ತುಕ್ಕು ಹಿಡಿದ ಪಿನ್ನುಗಳೇ ಇನ್ನೂರಕ್ಕೂ ಹೆಚ್ಚು. ಬೆರಳೆಲ್ಲ ಚುಚ್ಚಿಸಿಕೊಂಡು ಕೂತಿದ್ದೇನೆ.

ನೋಟೀಸು ಬಂತು! ಇಂಟರ್‌ವ್ಯೂ 26ಕ್ಕೆ. ಹಸ್ತಪ್ರತಿ ವಿಭಾಗಕ್ಕೆ ಒಂದೇ ಒಂದು ಕಾಯಂ ಹುದ್ದೆ. ಹನ್ನೊಂದು ವರ್ಷದಿಂದ ಟೆಂಪರರಿ. ಈ ಸಲ ಆಗದಿದ್ದರೆ ವಯಸ್ಸು ಮೀರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಬಂದವರ ಪೆನ್ನು ಕಿತ್ತುಕೊಂಡು ಪೆನ್ಸಿಲು ಕೊಡುವ ಮನುಷ್ಯ. ಪೆನ್ಸಿಲ್ ಮೇಷ್ಟ್ರು ಅಂತ ಹೆಸರಿಟ್ಟಿದ್ದೇವೆ. “ಈ ಸಲ ನೀವೇ, ಅಮ್ಮ. ತಪ್ಪು ಮಾತ್ರ ಮಾಡ್ಕೋಬೇಡಿ” ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಬುಧವಾರ ಸಸ್ಯಶಾಸ್ತ್ರದ ಪ್ರೊಫೆಸರರ ಮಗಳು ಬರುತ್ತಾರಂತೆ. ಪ್ರೊಫೆಸರರು ಹೋಗಿ ನಲವತ್ತು ವರ್ಷ. ಅವರ ಕಾಗದಪತ್ರ ನಲವತ್ತಮೂರು ಪೆಟ್ಟಿಗೆ ನಮ್ಮಲ್ಲಿದೆ. ಅವರ ಮಗ ಕಟ್ಟು ಬಿಚ್ಚಿಯೂ ನೋಡದೆ ಕೊಟ್ಟುಬಿಟ್ಟದ್ದು. ಮಗಳಿಗೆ ವಿಷಯ ತಿಳಿದದ್ದೇ ಈಗ. ಮನೆಯವರ ಪತ್ರಗಳೆಲ್ಲ 27ನೇ ಪೆಟ್ಟಿಗೆಯಲ್ಲಿವೆ. ಜೋಡಿಸಿದವಳು ನಾನೇ. ಚಿಂತೆಯಿಲ್ಲ.

ಜೂನ್ 5, ಬುಧವಾರ, ಸಂಜೆ, ಬಸ್ಸಿನಲ್ಲಿ

ಮನೆ ಸೇರುವವರೆಗೆ ತಡೆಯಲಾಗದೆ ಇಲ್ಲೇ ಬರೆಯುತ್ತಿದ್ದೇನೆ.

ಪ್ರೊಫೆಸರರ ಮಗಳಿಗೆ ಎಪ್ಪತ್ತು. ನಿವೃತ್ತ ನರ್ಸ್. ಬ್ಯಾಗು ಹೊರಗಿಡಿ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಎರಡೂ ಕೈ ಮೇಜಿನ ಮೇಲಿಟ್ಟು ಕೂತರು. ಎಲ್ಲ ಓದುಗರೂ ಹೀಗಿದ್ದರೆ! ಪತ್ರಗಳನ್ನು ಒಂದೊಂದಾಗಿ ಓದಿದರು. ಹನ್ನೆರಡೂವರೆ ಹೊತ್ತಿಗೆ ನನ್ನನ್ನು ಕರೆದರು. ಮುಂದೆ ಒಂದು ಲಕೋಟೆ. ಅವರದೇ ಹೆಸರು, ವಿಳಾಸ. ಸ್ಟಾಂಪು ಇಲ್ಲ. ಒಳಗಿನ ಹಾಳೆ ಬಿಚ್ಚಿತ್ತು.

ಮಗಳು ಮದುವೆಯಾದದ್ದು ಲೇತ್ ಕೆಲಸ ಮಾಡುವವರನ್ನು. ಅಪ್ಪನಿಗೆ ಒಪ್ಪಿಗೆಯಿರಲಿಲ್ಲ. ಆರು ವರ್ಷ ಮಾತಿಲ್ಲ, ಆಮೇಲೆ ಅಪ್ಪ ತೀರಿಕೊಂಡದ್ದೇ ಸುದ್ದಿ. ಆ ಪತ್ರ ಹೀಗಿದೆ: “ಮಗಳಿಗೆ ಆಶೀರ್ವಾದಗಳು. ಆರು ವರ್ಷ ನಾನು ಮೂರ್ಖನಾಗಿದ್ದೆ. ಭಾನುವಾರ ಬೆಳಗಿನ ಬಸ್ಸಿಗೆ ಬಾ. ಅವರನ್ನೂ ಕರೆದುಕೊಂಡು ಬಾ. ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ತಲೆ ಪೂರ್ತಿ ನೆರೆತಿದೆ, ಗುರುತು ಹಿಡಿಯುವುದು ಕಷ್ಟವಾದೀತು.”

ಮೇಲೆ ಬಲಮೂಲೆಯಲ್ಲಿ, ಪೆನ್ಸಿಲಿನಲ್ಲಿ — ಬೇಡ.

“ಬರೆದಿದಾರೆ. ಆಮೇಲೆ ಬೇಡ ಅಂದಿದಾರೆ” ಅಂದರು ಮಗಳು. ಅಳಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬಹುದಾ ಅಂತ ಕೇಳಿದರು. ತಲೆಯಾಡಿಸಿದೆ.

ನನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ. ಅದನ್ನು ಬರೆದವಳು ನಾನು.

ಜೂನ್ 6, ಗುರುವಾರ

ಹತ್ತು ವರ್ಷದ ಹಿಂದೆ ಈ ಪೆಟ್ಟಿಗೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆವು. ಮನೆಯವರ ಪತ್ರ ನೆಟ್ಟಿಗೆ ಹಾಕುವಂತಿಲ್ಲ, ಸ್ಕ್ಯಾನ್ ಬೇಡ ಎಂದು ಚೀಟಿ ಸಿಕ್ಕಿಸಬೇಕು. ಚೀಟಿ ಮುಗಿದಿತ್ತು. ಸ್ಟೋರಿಗೆ ಹೋಗಲು ಎರಡು ಮಹಡಿ ಮೆಟ್ಟಿಲು, ನನಗೆ ಎಂಟು ತಿಂಗಳು ತುಂಬಿತ್ತು. ಮೂಲೆಯಲ್ಲಿ ಹಗುರಾಗಿ ‘ಬೇಡ’ ಅಂತ ಬರೆಯುತ್ತಾ ಹೋದೆ. ಸ್ಕ್ಯಾನ್ ಆದಮೇಲೆ ಅಳಿಸಿದರಾಯಿತು ಅಂತ. ಅಳಿಸುತ್ತಲೂ ಇದ್ದೆ. ಒಂದು ಮಧ್ಯಾಹ್ನ ಹೆರಿಗೆ ನೋವು ಶುರುವಾಯಿತು, ಅಲ್ಲಿಂದಲೇ ಆಸ್ಪತ್ರೆಗೆ ಹೋದೆ. ರಜೆ ಮುಗಿಸಿ ಬಂದಾಗ ಪೆಟ್ಟಿಗೆ ಕಪಾಟು ಸೇರಿತ್ತು. ಮರೆತೆ. ಇಷ್ಟೇ. ಇಷ್ಟೇ ಅನ್ನುವುದಕ್ಕೆ ನಾಲಿಗೆ ಬರುವುದಿಲ್ಲ.

ಇವತ್ತು ಹೋಗಿ 27 ಪೂರ್ತಿ ತಡಕಿದೆ. ಬೇರೆ ಎಲ್ಲ ಅಳಿಸಿದೆ. ಉಳಿದದ್ದು ಅದೊಂದೇ. ನನ್ನ ಗ್ರಹಚಾರಕ್ಕೆ ಪ್ರೊಫೆಸರರೂ ಜೀವಮಾನವೆಲ್ಲ ಪೆನ್ಸಿಲಿನಲ್ಲೇ ಟಿಪ್ಪಣಿ ಮಾಡಿದವರು.

ರಬ್ಬರು ಕೈಯಲ್ಲಿತ್ತು. ಒಂದು ನಿಮಿಷದ ಕೆಲಸ. ಮಾಡಲಿಲ್ಲ. ಒಳ್ಳೆಯತನದಿಂದಲ್ಲ. ಆ ಫೋಟೋ ಅವರ ಫೋನಿನಲ್ಲಿದೆ, ಸಿಕ್ಕಿಬೀಳುತ್ತೇನೆ ಎಂದು.

ಜೂನ್ 7, ಶುಕ್ರವಾರ

ಮನೆಯಲ್ಲಿ ಇವರಿಗೆ ಹೇಳಿದೆ. ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ, ಪಾಪ.

“ಎರಡಕ್ಷರಕ್ಕೆ ಇಷ್ಟು ಗೋಳಾ?”

“ರೀ, ಹಸ್ತಪ್ರತಿ ಮೇಲೆ ಟಿಕ್ ಹಾಕಿದ್ದಕ್ಕೆ ಹಿಂದೆ ಒಬ್ಬನ್ನ ಅದೇ ದಿನ ಮನೆಗೆ ಕಳಿಸಿದಾರೆ.”

ಚಪ್ಪಲಿ ಬಿಟ್ಟು ಬಂದು ಕೂತರು. ಆಮೇಲೆ, “ಹಾಗಾದ್ರೆ ಇಂಟರ್‌ವ್ಯೂ ಮುಗೀಲಿ. ಆರ್ಡರ್ ಕೈಗೆ ಬರ್ಲಿ. ಆಮೇಲೆ ಹೇಳು. ನಲವತ್ತು ವರ್ಷ ಕಾದೋರು ಇನ್ನೊಂದು ತಿಂಗಳು ಕಾಯಲ್ವಾ?”

ಲೆಕ್ಕ ಸರಿಯಾಗಿದೆ ಅನ್ನಿಸಿತು. ನಿದ್ದೆಯೂ ಬಂತು.

ಜೂನ್ 14, ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಏನೂ ಇಲ್ಲ ಎಂದಲ್ಲ. ಪುಸ್ತಕ ತೆರೆದರೆ ಅದೇ ಬರುತ್ತದೆ.

ಮೇಷ್ಟ್ರು ಕರೆದರು. 28ಕ್ಕೆ ಪ್ರದರ್ಶನ, ‘ಪ್ರೊಫೆಸರರ ಖಾಸಗಿ ಬದುಕು’. ಕುಲಪತಿಗಳು ಉದ್ಘಾಟನೆಗೆ ಒಪ್ಪಿದ್ದಾರೆ. ನಡುಮಧ್ಯದ ಗಾಜಿನ ಪೆಟ್ಟಿಗೆಗೆ ಏನಿಡಬೇಕು ಅಂತ ಮೇಷ್ಟ್ರು ನಿರ್ಧರಿಸಿಯಾಗಿತ್ತು. ಆ ಹಾಳೆಯನ್ನು ನನ್ನ ಕಣ್ಣಮುಂದೆ ಹಿಡಿದರು.

“ನೋಡಿದ್ರಾ ಈ ಬೇಡ? ಒಂದು ಶಬ್ದದಲ್ಲಿ ಮನುಷ್ಯನ ಹಟ ಪೂರ್ತಿ ಇದೆ! ಬರೆದು ಬೇಡವೆಂದ ಕಾಗದ. ಶೀರ್ಷಿಕೆ ಅದೇ ಇರಲಿ. ಕೆಳಗಿನ ವಿವರಣೆ ನೀವು ಬರೀರಿ, ಚೆನ್ನಾಗಿ ಬರೀತೀರಿ. 20ಕ್ಕೆ ಪ್ರೆಸ್ಸಿಗೆ ಹೋಗ್ಬೇಕು.”

ಆಗಲಿ ಸರ್ ಅಂದೆ. ಆಗಲಿ ಸರ್! ನನ್ನ ಬಾಯಿಗೆ ಬೀಗ ಹಾಕಬೇಕು.

ಜೂನ್ 15, ಶನಿವಾರ

ವಿವರಣೆ ಬರೆಯಲು ಕೂತೆ. “ಮಗಳನ್ನು ಕರೆಯಲು ಹೊರಟ ತಂದೆ ಕೊನೇ ಗಳಿಗೆಯಲ್ಲಿ...” ಹರಿದೆ. “ವಾತ್ಸಲ್ಯ ಮತ್ತು ಹಟದ ನಡುವೆ...” ಅದನ್ನೂ ಹರಿದೆ. ನಾನು ಮೆಟ್ಟಿಲು ಹತ್ತಲು ಸೋಮಾರಿತನ ಮಾಡಿದ್ದಕ್ಕೆ ಸತ್ತವರೊಬ್ಬರು ಕಲ್ಲುಮನಸ್ಸಿನವರಾಗಿ ಗಾಜಿನ ಪೆಟ್ಟಿಗೆ ಸೇರುತ್ತಿದ್ದಾರೆ. ಅವರು ಬಂದು ಅಲ್ಲ ಅನ್ನುವ ಹಾಗಿಲ್ಲ.

ಜೂನ್ 18, ಮಂಗಳವಾರ

ಹೇಳಿಬಿಟ್ಟೆ. ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಪ್ರದರ್ಶನದ ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ಮಗಳು ಬಂದಿದ್ದರು. ಓದುವ ಕೋಣೆಯಲ್ಲಿ ನಾವಿಬ್ಬರೇ, ಮೇಜಿನ ಮೇಲೆ ಆ ಪತ್ರ. ಸಹಿಗೆಂದು ಕೊಟ್ಟ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಬಾಯಿಂದ ಬಂತು.

“ಮೇಡಂ, ಸೈನ್ ಮಾಡ್ಬೇಡಿ. ಆ ಬೇಡ ನಿಮ್ಮಪ್ಪ ಬರೆದಿದ್ದಲ್ಲ. ನಾನು ಬರೆದಿದ್ದು.”

ಅರ್ಥವಾಗಲಿಲ್ಲ ಅವರಿಗೆ. ಸ್ಕ್ಯಾನು, ಚೀಟಿ, ಮೆಟ್ಟಿಲು, ಹೆರಿಗೆ ಎಲ್ಲ ಹಿಂದುಮುಂದಾಗಿ ಹೇಳಿದೆ. ಕೊನೆಗೆ ಅವರೇ ತಡೆದರು.

“ಅಪ್ಪ ಬೇಡ ಅನ್ಲಿಲ್ಲ?”

“ಇಲ್ಲ.”

“ಮತ್ಯಾಕೆ ಪೋಸ್ಟ್ ಮಾಡ್ಲಿಲ್ಲ?”

“ತಾರೀಖು ನೋಡಿ. ಬರೆದಿದ್ದು ಬುಧವಾರ.”

ಬೆರಳು ಮಡಚಿದರು. ಬುಧ, ಗುರು. “ಶುಕ್ರವಾರ ಬೆಳಗಾಗೋದ್ರೊಳಗೆ ಹೋಗ್ಬಿಟ್ರು” ಅಂದರು. ಮಡಚಿದ ಬೆರಳು ಬಿಡಿಸಿ, “ಸ್ಟಾಂಪ್ ತರೋಕೂ ಪುರುಸೊತ್ತಾಗ್ಲಿಲ್ಲ.”

ಆಗ ಅತ್ತರು. ನಾನೂ ಅತ್ತೆ, ಆದರೆ ನನ್ನ ಅಳುವಿಗೆ ಅಲ್ಲಿ ಜಾಗವಿರಲಿಲ್ಲ. ಕಣ್ಣೊರೆಸಿಕೊಂಡು ನೇರವಾಗಿ ಕೇಳಿದರು, “ನಿಮಗೆ ಯಾವಾಗ ಗೊತ್ತಾಯ್ತು?”

“ಅವತ್ತೇ.”

“ಅವತ್ತೇ! ಹದಿಮೂರು ದಿನ! ನಮ್ಮ ಯಜಮಾನ್ರು ನಲವತ್ತು ವರ್ಷದಿಂದ ಹೇಳ್ತಾನೇ ಇದ್ರು, ಇನ್ನೊಂದು ತಿಂಗಳು ಇದ್ದಿದ್ರೆ ನಿಮ್ಮಪ್ಪ ಕರೀತಿದ್ರು ಕಣೇ ಅಂತ. ನಾನು ಹೋಗಿ ಈ ಫೋಟೋ ತೋರಿಸ್ದೆ. ಆ ಮಾತು ನಿಂತೋಯ್ತು. ನನ್ನಿಂದಾನೇ ಅಲ್ವಾ ಅಂತ ಗೋಡೆ ನೋಡ್ಕೊಂಡು ಮಲಗಿದಾರೆ. ಹದಿಮೂರು ದಿನ ನೀವು ಏನ್ಮಾಡ್ತಿದ್ರಿ?”

“ಹೆದರ್ಕೊಂಡಿದ್ದೆ ಮೇಡಂ.”

ಯಜಮಾನರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. “ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೀನಿ ಅಂತಾರೆ. ನೀವೇ ಹೇಳಿ.”

ಮಾತಾಡಬಾರದು ಅಂತ ಬೋರ್ಡು ಹಾಕಿದ ಕೋಣೆಯಲ್ಲಿ ನಿಂತು ಹೇಳಿದೆ. ಪತ್ರ ಓದಿದೆ. ಆ ಕಡೆಯಿಂದ ಅವರು ಕೇಳಿದರು.

“ಸ್ಟ್ಯಾಂಡಿಗೆ ಅವರೇ ಬರ್ತಿದ್ರಂತಾ?”

“ಹೌದು ಸರ್.”

“ಅದೊಂದು ಸಾಲು ಇನ್ನೊಂದ್ಸಲ ಓದಮ್ಮ.”

ಓದಿದೆ. ಮೂರು ಸಲ ಓದಿಸಿದರು.

ಹೋಗುವಾಗ ಮಗಳು ಸಹಿ ಹಾಕದ ಕಾಗದ ಮಡಚಿ ಬ್ಯಾಗಿಗಿಟ್ಟುಕೊಂಡರು. “28ಕ್ಕೆ ಇವರನ್ನ ಗಾಡಿ ಮಾಡ್ಕೊಂಡು ಕರ್ಕೊಂಡು ಬರ್ತೀನಿ. ಗಾಜಿನ ಮುಂದೆ ನಿಂತು ನಿಮ್ಮ ವಿವರಣೆ ಓದ್ತಾರೆ. ಅದು ಸರಿಯಾಗಿದ್ರೆ ಅಲ್ಲೇ ಸೈನ್ ಹಾಕ್ತೀನಿ.” ಕ್ಷಮಿಸಿದೆ ಅನ್ನಲಿಲ್ಲ. ಅನ್ನಲಿ ಎಂದು ಕಾದೆ, ನಾಚಿಕೆಗೆಟ್ಟವಳು.

ಜೂನ್ 19, ಬುಧವಾರ

ಮೇಷ್ಟ್ರು ರಜೆ. ಬದುಕಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಬೆಂಕಿ ಹಾಕ.

ಇವರು, “ಮಗಳಿಗೆ ಗೊತ್ತಾಯ್ತಲ್ಲ, ಇನ್ನು ಆಫೀಸಿಗೆ ಯಾಕೆ?” ಅಂದರು. ಗಾಜಿನ ಪೆಟ್ಟಿಗೆಯ ವಿಷಯ ಹೇಳಿದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಅಲ್ಲಿಂದಲೇ, “ಅಂಗಡಿ ಇದೆ, ಉಪವಾಸ ಬೀಳಲ್ಲ. ಹೇಳು.”

ಜೂನ್ 20, ಗುರುವಾರ, 1.50

ಹೇಳಿದೆ. ಮೇಷ್ಟ್ರು ಬೈಯಲಿಲ್ಲ. ನಕ್ಕರು.

“ಇಂಟರ್‌ವ್ಯೂ ಟೆನ್ಷನ್ನಿಗೆ ತಲೆ ಕೆಟ್ಟಿದೆ ನಿಮಗೆ. ಮೂವತ್ತು ವರ್ಷ ಅವರ ಅಕ್ಷರ ನೋಡಿದೀನಿ. ಇದು ಅವರ ಕೈ.”

“ನನ್ನ ಕೈ ಸರ್.”

“ಕುಲಪತಿಗಳಿಗೆ ಹೇಳಿಯಾಗಿದೆ. ಇದು ಪ್ರೊಫೆಸರ್ ಕೈ ಅಂತ ನಾನೇ ಹೇಳಿದೀನಿ.”

ನಗು ಹೋಯಿತು. ಮುಖ ಬಿಳಿಚಿಕೊಂಡಿತು. ಹೆದರುವವಳು ನಾನೊಬ್ಬಳೇ ಅಂದುಕೊಂಡಿದ್ದೆ ಇಷ್ಟು ದಿನ. ಬಿಳಿ ಹಾಳೆ, ಪೆನ್ಸಿಲು ನನ್ನ ಕಡೆ ತಳ್ಳಿದರು. “ಬೇಡ ಅಂತ ಹತ್ತು ಸಲ ಬರೀರಿ. ಹೊರಗೆ ಕೂತು ನಿಧಾನಕ್ಕೆ ಬರೀರಿ. ಮೂರು ಗಂಟೆಗೆ ಬಂದು ಪಕ್ಕ ಪಕ್ಕ ಇಟ್ಟು ನೋಡ್ತೀನಿ. ಹೋಲಲಿಲ್ಲ ಅಂದ್ರೆ ಈ ಮಾತು ಇಲ್ಲಿಗೇ ಮುಗೀತು, ನೀವು 26ಕ್ಕೆ ಬನ್ನಿ. ಹೋಲಿದ್ರೆ...” ಪೂರ್ತಿ ಮಾಡಲಿಲ್ಲ. ಬಾಗಿಲವರೆಗೂ ಬಂದು ಮೆಲ್ಲಗೆ, “ನಿಧಾನಕ್ಕೆ” ಅಂತ ಇನ್ನೊಂದು ಸಲ ಹೇಳಿದರು.

2.15

ಹಾಳೆ ಮುಂದಿದೆ. ನನಗೆ ಅರ್ಥವಾಗದೇ ಇಲ್ಲ. ಬೇರೆ ಥರ ಬರೆದು ತಾ ಅಂತ ಅವರು ಹೇಳಿದ್ದು. ತಪ್ಪು ಒಪ್ಪಿಕೊಂಡ ಹಾಗೂ ಆಯಿತು, ಕೆಲಸ ಉಳಿದ ಹಾಗೂ ಆಯಿತು. ಮೇಷ್ಟ್ರ ಮಾನವೂ ಉಳಿಯಿತು. ಯಾರು ಕೇಳುತ್ತಾರೆ? 28ಕ್ಕೆ ಗಾಡಿ ಮಾಡಿಕೊಂಡು ಬರುವ ಇಬ್ಬರನ್ನು ಬಿಟ್ಟು.

2.30

ರಫ್ ಹಾಳೆಯಲ್ಲಿ ಬೇರೆ ಥರ ಬರೆದು ನೋಡಿದೆ. ದುಂಡಗೆ, ನೆಟ್ಟಗೆ, ಶಾಲೆಯ ಕಾಪಿಯಲ್ಲಿರುವ ಹಾಗೆ. ಎಷ್ಟು ಸುಲಭಕ್ಕೆ ಬಂತು! ಸಾಲಾಗಿ ನಾಲ್ಕು. ಯಾರು ನೋಡಿದರೂ ಇದು ಬೇರೆಯವರ ಅಕ್ಷರ ಅನ್ನುತ್ತಾರೆ. ಹರಿದು ಬುಟ್ಟಿಗೆ ಹಾಕಿದೆ. ಬುಟ್ಟಿಯಿಂದ ಎತ್ತಿಕೊಂಡೆ. ಮತ್ತೆ ಹಾಕಿದೆ.

2.50

ಮೇಷ್ಟ್ರ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಒಂದು. ಎಡಕ್ಕೆ ವಾಲಿದ್ದು, ‘ಡ’ದ ತುದಿ ಮೇಲಕ್ಕೆ ಹೋದದ್ದು. ನನ್ನದೇ. ಎರಡು, ಮೂರು, ನಾಲ್ಕು. ಮುಚ್ಚುಮರೆಯಿಲ್ಲದೆ ಅದೇ ಕೈ. ಐದು. ಆರು. ಒಳಗೆ ಕುರ್ಚಿ ಸರಿದ ಸದ್ದು. ಏಳು. ಬಾಗಿಲು ತೆಗೆದರು. ಬರಲಿ. ಎಂಟು. ಒಂಬ—