ನಾನು ಓದಿದ ಚೀಟಿ

ಮಾರ್ಚ್ ೩, ಬೆಳಿಗ್ಗೆ

ಇವರ ಕಾಲಿನ ಡ್ರೆಸ್ಸಿಂಗ್ ಆಯಿತು. ಹೆಬ್ಬೆರಳು ಪೂರ್ತಿ ಕಪ್ಪು. ವಾಸನೆಯೂ ಶುರು. ಹಾಳು ಶುಗರ್! ಆಮೇಲೆ ಎಂದಿನಂತೆ ವಾಗ್ದಾನದ ಡಬ್ಬಿ. ದಿನಕ್ಕೊಂದು ಚೀಟಿ, ಚೀಟಿಗೊಂದು ಬೈಬಲ್ ವಾಕ್ಯ. ಇವರ ಕಣ್ಣು ಮಂಜಾದ ಮೇಲೆ ಎತ್ತುವುದು ಇವರು, ಓದುವುದು ನಾನು.

ಇವತ್ತು ಬಂದದ್ದು ಕೃಪೆಯೇ ಸಾಕು ಎಂಬ ವಾಕ್ಯ. ಮೈಗೆ ಚುಚ್ಚಿದ ಮುಳ್ಳು ತೆಗೆ ಎಂದು ದೇವರನ್ನು ಮೂರು ಸಲ ಬೇಡಿಕೊಂಡವನಿಗೆ, ತೆಗೆಯುವುದಿಲ್ಲ ಎಂದು ಸಿಕ್ಕ ಉತ್ತರ. ನಲವತ್ತು ವರ್ಷ ಚರ್ಚಿನಲ್ಲಿ ಉಪದೇಶಿಯಾಗಿದ್ದ ಮನುಷ್ಯನಿಗೆ ಅದು ಗೊತ್ತಿಲ್ಲವೇ? ಸರ್ಜನ್ ಹತ್ತಿರ ಹೊರಟವರ ಮುಖ ನೋಡಿ ಓದಲು ಮನಸ್ಸಾಗಲಿಲ್ಲ. ನೆನಪಿಗೆ ಬಂದ ಇನ್ನೊಂದನ್ನು ಹೇಳಿಬಿಟ್ಟೆ — ದೇವರು ಭಕ್ತನ ಎಲುಬುಗಳನ್ನೆಲ್ಲ ಕಾಯುತ್ತಾನೆ, ಒಂದೂ ಮುರಿಯದು ಅಂತ. ಮುಖ ಅರಳಿತು. ಒಂದು ಸುಳ್ಳು, ಏನು ಮಹಾ ಅಂದುಕೊಂಡೆ.

ಸಂಜೆ

ಸರ್ಜನ್ ನೇರವಾಗಿ ಹೇಳಿದರು. "ಮೊಣಕಾಲಿನ ಕೆಳಗೆ ತೆಗೀಬೇಕು. ಎರಡು ದಿನದೊಳಗೆ. ಇಲ್ಲಾಂದ್ರೆ ಜೀವಕ್ಕೇ ಅಪಾಯ."

"ಆಗಲ್ಲ ಡಾಕ್ಟ್ರೇ. ಬೆಳಿಗ್ಗೇನೇ ನಂಗೆ ದೇವರ ಮಾತು ಸಿಕ್ಕಿದೆ. ಕಡೇ ದಿನ ಸಮಾಧಿಯಿಂದ ಇದೇ ಮೈಯಲ್ಲಿ ಎದ್ದು ನಿಲ್ಲಬೇಕಾದವನು ನಾನು. ಕಾಲು ಕೊಡಲ್ಲ" ಅಂದರು ಇವರು.

ಚೀಟಿಯ ನಿಜ ಹೇಳದೆ ಫೈಲು ಎತ್ತಿಕೊಂಡು ಹೊರಗೆ ಬಂದೆ. ಮಹಾ ಧೈರ್ಯವಂತೆ!

ಮಾರ್ಚ್ ೫

ಪಾಸ್ಟರು ಬಂದಿದ್ದರು. ಇವರ ಕೈಯಲ್ಲೇ ಪಾಠ ಕಲಿತವರು.

"ಅಯ್ಯಾ, ಒಂದೇ ವಾಕ್ಯ ಕಿತ್ಕೊಂಡು ಓದಬೇಡಿ, ಮೊದಲಿಂದ ಕೊನೇವರೆಗೂ ಸೇರಿಸಿ ಓದಿ ಅಂತ ಹೇಳ್ಕೊಟ್ಟಿದ್ದು ನೀವೇ. ಬಿತ್ತೋದು ಬರೀ ಕಾಳು, ಏಳೋದು ಪೈರು. ನಂಬಿಕೆಗಾಗಿ ಸಿಂಹದ ಬಾಯಿಗೆ ಬಿದ್ದೋರು, ಬೆಂಕೀಲಿ ಬೆಂದೋರು ಎಲ್ಲ ಕಡೇ ದಿನ ಏಳಲ್ವಾ? ಒಂದು ಕಾಲು ದೇವರಿಗೆ ಭಾರಾನಾ?"

"ಭಾರ ಅಲ್ಲಪ್ಪ, ನಂಗೂ ಗೊತ್ತು. ಆದ್ರೆ ಅವತ್ತೇ, ಈ ಕಾಲಿಗೇ, ನನ್ನ ಕೈಗೇ ಬಂತಲ್ಲ ಆ ಚೀಟಿ? ಅದಕ್ಕೇನಂತೀಯ?"

ಪಾಸ್ಟರು ನನ್ನ ಕಡೆ ನೋಡಿದರು. ನಾನು ಲೋಟ ತೊಳೆಯಲು ಎದ್ದು ಹೋದೆ.

ಮಾರ್ಚ್ ೬

ಜ್ವರ. ಪಾದ ಊದಿಕೊಂಡು ಹೊಳೆಯುತ್ತಿದೆ. ಪುನರುತ್ಥಾನದ ಅಧ್ಯಾಯಗಳನ್ನೆಲ್ಲ ಓದಿ ಹೇಳಿದೆ. ಕೇಳುತ್ತಾರೆ, ತಲೆಯಾಡಿಸುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಹೇಳಿಬಿಡಲೇ? ಹೇಳಿದರೆ ನಾಲ್ಕು ವರ್ಷದಿಂದ ನಾನು ಓದಿದ್ದೆಲ್ಲ ಅನುಮಾನ. ಅವರಿಗಿರುವ ಕಣ್ಣು ನಾನೊಬ್ಬಳೇ. ಹೇಳದಿದ್ದರೆ... ಥೂ, ನನ್ನ ಮರ್ಯಾದೆ ಅಳೆಯುತ್ತಾ ಕೂತಿದ್ದೇನೆ. ಅಲ್ಲಿ ಕಾಲು ಕೊಳೆಯುತ್ತಿದೆ.

ಮಾರ್ಚ್ ೯

ಹೇಳಿದೆ. ಆರು ದಿನ ತಡವಾಗಿ.

"ರೀ, ಅವತ್ತಿನ ಚೀಟೀಲಿ ಎಲುಬಿನ ಮಾತು ಇರ್ಲಿಲ್ಲ."

"ಮತ್ತೇನಿತ್ತು?"

ಹೇಳಿದೆ. ಗೋಡೆಗೆ ಮುಖ ಮಾಡಿಕೊಂಡರು.

"ಅದನ್ನೇ ಓದಿದ್ರೆ ಅವತ್ತೇ ಒಪ್ಕೋತಿದ್ನಲ್ಲೇ."

"ಗೊತ್ತು ರೀ."

"ಹೀಗೆ ಎಷ್ಟು ಸಲ ಮಾಡಿದ್ದೀಯ?"

"ಇದೊಂದೇ ಸಲ. ನಿಮ್ಮಾಣೆ—"

"ಆಣೆ ಇಡಬೇಡ. ಡಾಕ್ಟ್ರಿಗೆ ಫೋನ್ ಮಾಡು."

ನಂಬಿದರೋ ಇಲ್ಲವೋ. ನಾಲ್ಕು ಬೈದಿದ್ದರೆ ವಾಸಿಯಿತ್ತು.

ಮಾರ್ಚ್ ೧೦, ಮಧ್ಯಾಹ್ನ

ತೊಡೆಯಿಂದಲೇ ತೆಗೆದರು. ವಿಷ ರಕ್ತಕ್ಕೇರಿದೆಯಂತೆ. ಥಿಯೇಟರಿನೊಳಗೆ ಹೋಗುವಾಗ ಒಂದೇ ಮಾತು. "ಕಾಲನ್ನ ಕಸಕ್ಕೆ ಹಾಕಿಸ್ಬೇಡ. ಸ್ಮಶಾನದಲ್ಲಿ ನನಗಿಟ್ಟಿರೋ ಜಾಗದಲ್ಲೇ ಹೂಳಿಸು." ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೂ ಕಾಣುತ್ತಿರಲಿಲ್ಲ ಬಿಡಿ. ಆದರೂ ಸಂಕಟವಾಯಿತು.

ಮಾರ್ಚ್ ೧೨, ಬೆಳಿಗ್ಗೆ ೧೦

ವೆಂಟಿಲೇಟರ್. ಇನ್ನೂ ಎಚ್ಚರವಿಲ್ಲ. ಕಾಲು ಆಸ್ಪತ್ರೆಯ ಕೋಲ್ಡ್ ರೂಮಿನಲ್ಲಿ. ಇವತ್ತು ಒಯ್ಯದಿದ್ದರೆ ಸುಟ್ಟುಬಿಡುತ್ತಾರಂತೆ. ಫಾರಂಗೆ ಸೈನ್ ಹಾಕಿ, ಗುಂಡಿ ತೋಡುವವನ ಹತ್ತಿರ ಹೋಗಿ ಬಂದೆ. ಒಳ್ಳೆಯ ಮನುಷ್ಯ. ತಲೆ ಕೆರೆದುಕೊಂಡ.

"ತಪ್ಪು ತಿಳ್ಕೋಬೇಡಿ ಅಮ್ಮ. ಸಣ್ಣದು ತೋಡ್ಲಾ, ಪೂರ್ತಿ ತೋಡ್ಲಾ?"

"ಪೂರ್ತೀನೇ ತೋಡಿಬಿಡಪ್ಪ" ಅಂದೆ.

ಅಂದವಳು ನಾನೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವರಿನ್ನೂ ಉಸಿರಾಡುತ್ತಿದ್ದಾರೆ. ವಾಪಸ್ ಹೋಗಿ ಬೇಡ ಅನ್ನಬೇಕು, ಸಣ್ಣದು ಸಾಕು ಅನ್ನಬೇಕು. ಅಷ್ಟರಲ್ಲಿ ಅವನು ಎಷ್ಟು ಆಳ... ಐಸಿಯು ಸಿಸ್ಟರ್ ಬಾಗಿಲಿಗೆ ಬಂದರು. ನನ್ನನ್ನೇ ಕರೆಯುತ್ತಿದ್ದಾರೆ.