ನೂರಾ ಎರಡು ಡಿಗ್ರಿ

ರಾಣೇಬೆನ್ನೂರು
ಮಂಗಳವಾರ, ೧೧ ಫೆಬ್ರುವರಿ ೧೯೯೨

ಪ್ರೀತಿಯ ನೀಲಾ,

ಹಸೀನಾಗೆ ಜ್ವರ ಇರಲಿಲ್ಲ. ಇದೆ ಎಂದು ಸುಳ್ಳು ಬರೆದು ಅವಳನ್ನು ಹಾಸ್ಟೆಲಿನಿಂದ ಮನೆಗೆ ಕಳಿಸಿದವಳು ನಾನು.

ಇದನ್ನು ಮೊದಲು ಬರೆಯದಿದ್ದರೆ ಕ್ಷೇಮ ಸಮಾಚಾರದಲ್ಲೇ ಕಾಗದ ಮುಗಿಸಿಬಿಡುತ್ತೇನೆಂದು ಹೆದರಿ ಹೀಗೆ ಶುರು ಮಾಡಿದೆ. ಈಗ ಕೇಳುತ್ತೇನೆ. ನಿನ್ನ ಮೈ ಹೇಗಿದೆ? ಕೆಮ್ಮು ಇಳಿಯಿತೇ? ಅವ್ವ ಗಂಜಿ ಬಿಡಿಸಿ ರೊಟ್ಟಿ ಕೊಡುತ್ತಿದ್ದಾರೆಯೇ? ನೀನು ಅಗಡಿಗೆ ಹೋಗಿ ಹತ್ತು ದಿನವಾಯಿತು. ಎರಡು ಸಲ ಇನ್‌ಲ್ಯಾಂಡ್ ಪತ್ರ ತಂದು ಎರಡು ಸಲವೂ ವಿಳಾಸ ಮಾತ್ರ ಬರೆದು ಇಟ್ಟೆ. ತಡವಾದದ್ದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಹಕ್ಕು ನನಗಿನ್ನೂ ಬಂದಿಲ್ಲ.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯಬೇಕು. ಅದೇ ದಿನಗಳು ನನ್ನೊಳಗೆ ಬೇರೆ ಥರ ನಡೆದಿದ್ದವು.

ಜನವರಿಯಲ್ಲಿ ಕಾಲೇಜಿಗೆ ಫ್ಲೂ ಬಂದಾಗ ಎಲ್ಲರೂ ‘ಹವಾ ಬದಲಾಗೇತಿ’ ಎಂದು ಸುಮ್ಮನಾದರು. ನನಗೆ ಸಿಟ್ಟು ಬಂತು. ರೋಗವನ್ನು ಹವಾದ ಮೇಲೆ, ಹಣೆಬರಹದ ಮೇಲೆ ಹಾಕಿ ಕೂರುವುದು ಗುಲಾಮರ ಬುದ್ಧಿ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಕರಪತ್ರ ತಂದೆ. ಊಟದ ಮನೆಯ ಗೋಡೆಗೆ ನಿಯಮ ಅಂಟಿಸಿದೆ: ಒಬ್ಬೊಬ್ಬರಿಗೆ ಒಂದೊಂದು ಲೋಟ, ಕೆಮ್ಮುವಾಗ ಬಾಯಿಗೆ ಬಟ್ಟೆ, ಜ್ವರ ಬಂದವರಿಗೆ ಹಿಂದಿನ ಕೋಣೆ. ವಾರ್ಡನ್ ಸಿದ್ದವ್ವ ಅಕ್ಕೋರು ಮೆಚ್ಚಿ ಥರ್ಮಾಮೀಟರನ್ನೂ ಜ್ವರ ಬರೆಯುವ ನೋಟುಬುಕ್ಕನ್ನೂ ನನ್ನ ಕೈಗೆ ಕೊಟ್ಟರು. ಮೂವತ್ತೆರಡು ಹುಡುಗಿಯರ ಆರೋಗ್ಯ ನನ್ನ ಕೈಯಲ್ಲಿ ಎಂದು ಎಷ್ಟು ಹಿಗ್ಗಿದೆ. ಅದನ್ನು ಹೇಳಲು ನಿನ್ನನ್ನು ಹುಡುಕಿಕೊಂಡು ಬಂದರೆ ನೀನು ಕಿಟಕಿಯ ಹತ್ತಿರ ಕೂತು ಹಸೀನಾಳ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದೆ.

ಒಂದೂವರೆ ವರ್ಷ ನಿನ್ನ ಜಡೆ ಹಾಕಿದವಳು ನಾನು. ನನ್ನ ಹೆಣಿಗೆ ಬಿಗಿ, ತಲೆ ನೋಯುತ್ತದೆ ಎಂದು ನೀನು ನಗುತ್ತ ಹೇಳುತ್ತಿದ್ದೆ. ಅಂದು ನೀನು ತಿರುಗಿ ನೋಡದೆ, ‘ಛಲೋ ಆತಲ್ಲ, ಮಂಗಳಾ’ ಎಂದೆ ಅಷ್ಟೇ. ಆಮೇಲೆ ನಿನ್ನ ಜಡೆಯನ್ನು ದಿನಾ ನೋಡಿದೆ. ಅವಳು ತಂದ ಕೆಂಪು ಮೆಣಸಿನಕಾಯಿ ಚಟ್ನಿ, ಆ ರಂಜಕವನ್ನು ರೊಟ್ಟಿಗೆ ಹಚ್ಚಿಕೊಂಡು ನೀವಿಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುವುದನ್ನು ನೋಡಿದೆ. ಸಂಕ್ರಾಂತಿ ರಜೆಯಲ್ಲಿ ನೀನು ಬ್ಯಾಡಗಿಗೆ ಹೋಗಿ ಅವರ ಮನೆಯಲ್ಲಿ ಎರಡು ದಿನ ಇದ್ದು ಬಂದೆ. ಎಷ್ಟು ಸಲ ಕರೆದರೂ ನಮ್ಮ ಕುಪ್ಪೇಲೂರಿಗೆ ನೀನು ಬಂದಿಲ್ಲ. ಎಲ್ಲರೂ ಸಮಾನರು ಎಂದು ಬರೆದ ಪುಸ್ತಿಕೆಗಳನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ನಾನು ಈ ಲೆಕ್ಕವನ್ನೆಲ್ಲ ಇಡುತ್ತಿದ್ದೆ.

ವಾರವಾರ ಮನೆಗೆ ಹೋಗುವ ಹಸೀನಾ ಸೋಮವಾರ ಮುಂಜಾನೆ ಬ್ಯಾಡಗಿಯಿಂದ ಬಂದು ಚೀಲ ಬಿಚ್ಚಿದರೆ ಕೋಣೆಗೆಲ್ಲ ಮೆಣಸಿನಕಾಯಿಯ ಘಾಟು. ನಾವೆಲ್ಲ ಸೀನುತ್ತಿದ್ದೆವು, ಅವಳೂ ಕೆಮ್ಮುತ್ತಿದ್ದಳು. ಅದೊಂದು ತಮಾಷೆಯೇ ಆಗಿತ್ತು. ಹಾಗಾಗಿ ಯಾರು ಕೆಮ್ಮಿದರೂ ‘ಹಸೀನಾನ ಘಾಟು’ ಎನ್ನುವುದು ರೂಢಿಯಾಯಿತು. ಜನವರಿಯ ಮೂರನೆಯ ವಾರ ನನಗೆ ಮೈಕೈ ನೋವು, ಗಂಟಲು ಉರಿ ಶುರುವಾಯಿತು. ನಾನೂ ಘಾಟು ಎಂದೇ ಹೇಳಿದೆ. ಎರಡು ಗುಳಿಗೆ ನುಂಗಿದೆ. ಥರ್ಮಾಮೀಟರ್ ನನ್ನ ಕೈಯಲ್ಲೇ ಇತ್ತು, ನನ್ನ ಬಾಯಿಗೆ ಮಾತ್ರ ಇಡಲಿಲ್ಲ. ಇಟ್ಟಿದ್ದರೆ ನಾನೇ ಹಿಂದಿನ ಕೋಣೆಗೆ ಹೋಗಿ ಮಲಗಬೇಕಾಗಿತ್ತು. ನೀವಿಬ್ಬರೂ ಇಲ್ಲಿ ನಗುತ್ತ ಇರುತ್ತಿದ್ದಿರಿ.

ಆ ವಾರ ಪೂರ್ತಿ ನಾನು ಮಾಡಿದ್ದೇನು, ನೆನಪಿದೆಯೇ? ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದೆ. ರಸ್ತೆಯ ಬಸ್ಸುಗಳ ಸಪ್ಪಳದಲ್ಲಿ ನನ್ನ ಮಾತು ಕೇಳುವುದಿಲ್ಲವೆಂದು ಕಿಟಕಿ ಮುಚ್ಚಿಸಿದೆ. ಅರ್ಧ ತಾಸು ಕರಪತ್ರ ಓದಿದೆ, ನಡುನಡುವೆ ಕೆಮ್ಮುತ್ತ. ಫ್ಲೂ ಹೇಗೆ ಹರಡುತ್ತದೆ ಎಂದು ಹೇಳುತ್ತ ಹೇಳುತ್ತಲೇ ಹರಡಿದೆ.

ಆ ತಿಂಗಳ ಇಪ್ಪತ್ತೇಳು, ಸೋಮವಾರ. ಹಸೀನಾ ಬಂದಳು, ಕೆಮ್ಮಿದಳು. ನೀನು ಎದ್ದು ಅವಳ ಬೆನ್ನು ತಿಕ್ಕಿದೆ. ನಾನು ಅವಳನ್ನು ಕರೆದು ಬಾಯಲ್ಲಿ ಥರ್ಮಾಮೀಟರ್ ಇಟ್ಟೆ. ಪಾದರಸ ತೊಂಬತ್ತೆಂಟೂವರೆಗೆ ನಿಂತಿತ್ತು. ನೋಟುಬುಕ್ಕಿನಲ್ಲಿ ನೂರಾ ಎರಡು ಎಂದು ಬರೆದೆ. ಹಿಂದಿನ ಕೋಣೆ ಆಗಲೇ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೆ ಅಕ್ಕೋರು ಚೀಟಿ ಬರೆದು ಅವಳನ್ನು ಬಸ್ಸಿಗೆ ಹತ್ತಿಸಿದರು.

ಅವಳು ಹೋದ ಮೇಲೆ ಹನ್ನೊಂದು ಜನ ಮಲಗಿದರು, ನೀನೂ ಸೇರಿ. ಅಡುಗೆಯ ಮೈಲವ್ವ ಒಂದು ದಿನ ರೊಟ್ಟಿ ಬಡಿಯುತ್ತ ನನ್ನ ಮುಖ ನೋಡದೆಯೇ ಅಂದಳು: “ಇಷ್ಟ ದಿನಾ ಬ್ಯಾಡಗಿ ಹುಡುಗಿ ಘಾಟಿಗೆ ಕೆಮ್ಮತಿದ್ರಿ. ಈಗ ಆಕಿನ ಇಲ್ಲ. ಯಾರ ಘಾಟಿಗೆ ಕೆಮ್ಮಾಕತ್ತೀರವಾ?” ಎಲ್ಲರೂ ನಕ್ಕರು.

ಮೊನ್ನೆ ರವಿವಾರ ಬ್ಯಾಡಗಿಗೆ ಹೋದೆ. ಅವಳ ತಾಯಿ ಅಕ್ಬರಬಿ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದರು. ಪಕ್ಕದಲ್ಲಿ ಹಸೀನಾ, ಬಾಯಿಗೆ ಓಢಣಿ ಕಟ್ಟಿಕೊಂಡು. ನನ್ನ ಹೆಸರು ಹೇಳಿದ್ದೇ ಅಕ್ಬರಬಿ ಎದ್ದು ಚಹಾಕ್ಕೆ ಇಟ್ಟರು. ಮಂಗಳಾ ಅಂದರೆ ಭಾಳ ಶ್ಯಾಣ್ಯಾಕಿ, ಎಲ್ಲರನ್ನೂ ಜ್ವಾಪಾನ ಮಾಡತಾಳ ಎಂದು ಮಗಳು ಹೇಳುತ್ತಿದ್ದಳಂತೆ.

ತಂದೆ ರಹಿಮಾನಸಾಬ್ರು ಹೆಚ್ಚು ಮಾತಾಡುವವರಲ್ಲ. ಅಣ್ಣತಮ್ಮಂದಿರೆಲ್ಲ ಬೇಡವೆಂದರೂ ಮಗಳನ್ನು ಹಾಸ್ಟೆಲಿಗೆ ಹಾಕಿದವರು ಅವರು. ಈಗ ಆ ಅಣ್ಣತಮ್ಮಂದಿರು ದಿನಾ ಬಂದು ಚುಚ್ಚುತ್ತಾರಂತೆ: ಹುಡುಗಿಯನ್ನು ಓದಲು ಕಳಿಸಿದೆ, ರೋಗ ಹಚ್ಚಿ ಹೊರಗೆ ಹಾಕಿದರು. ಆರಾಮಾಗಿದ್ದಾಳಲ್ಲ, ಕಳಿಸಿರಿ ಎಂದು ನಾನು ಹೇಳಿದೆ. ಅವರು ಗೋಡೆಯ ಗೂಡಿನಲ್ಲಿಟ್ಟಿದ್ದ ಅಕ್ಕೋರ ಚೀಟಿಯನ್ನು ತೆಗೆದು ತೋರಿಸಿದರು.

“ನೂರಾ ಎರಡ ಅಂತ ಬರದಾರವಾ. ಮನಿಗೆ ಬಂದಾಗ ಮೈ ಮುಟ್ಟಿ ನೋಡಿದ್ನಿ, ತಣ್ಣಗಿತ್ತು. ಹಂಗಂದ್ರ ನನ್ನ ಮಗಳು ಅವರಿಗೆ ಬ್ಯಾಡಾಗ್ಯಾಳ ಅಂತಲ್ಲೇನು? ಬ್ಯಾಡಾದ ಕಡೆ ನಾ ಹ್ಯಾಂಗ ಕಳಸ್ಲಿ?”

ಚೀಟಿಯನ್ನು ಮಡಚಿ ಅವರ ಕೈಗೇ ಕೊಟ್ಟು ಎದ್ದೆ, ನೀಲಾ. ಗೋಡೆಗೆ ಅಂಟಿಸಲು ಎಷ್ಟೊಂದು ಮಾತು ಇರುವವಳು ನಾನು.

ಬಸ್ಸಿನ ತನಕ ಹಸೀನಾ ಬಂದಳು. ದಾರಿಯಲ್ಲಿ ಮೆಲ್ಲಗೆ ಅಂದಳು: “ಥರ್ಮಾಮೀಟರ್ ನಾನೂ ನೋಡಿದ್ನಿ, ಮಂಗಳಾ. ನೀ ಬರಕೋತಿರಬೇಕಾದ್ರ ಟೇಬಲ್ ಮ್ಯಾಲೆ ಇತ್ತು.” ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನಾ ಹೇಳಿದ್ರ ನೀಲಾ ನಿನ್ನ ಕೂಡ ಮಾತು ಬಿಡತಿದ್ಲು. ನೀನ ಹೇಳು.”

ನಿನ್ನೆ ಅಕ್ಕೋರ ಮುಂದೆ ಎಲ್ಲ ಹೇಳಿದೆ. ನನ್ನ ಜ್ವರವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಥರ್ಮಾಮೀಟರ್ ಮತ್ತು ನೋಟುಬುಕ್ಕು ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹದಿನೇಳನೆಯ ತಾರೀಖು, ಸೋಮವಾರದೊಳಗೆ ಹಸೀನಾ ಬಂದರೆ ಸರಿ, ಇಲ್ಲದಿದ್ದರೆ ಆ ಸೀಟು ಕಾಯುತ್ತಿರುವ ಮತ್ತೊಬ್ಬಳಿಗೆ ಹೋಗುತ್ತದೆ ಎಂದರು. ಸೀಟು ಹೋದರೆ ಅವಳ ಓದೂ ಹೋದಂತೆ. ಚೀಟಿ ಸುಳ್ಳೆಂದು ಅಕ್ಕೋರು ಬರೆದುಕೊಟ್ಟಿದ್ದಾರೆ. ಆದರೆ ರಹಿಮಾನಸಾಬ್ರಿಗೆ ಕಾಗದದ ಮೇಲಿನ ನಂಬಿಕೆ ಹೋಗಿದೆ. ಅವರು ನಂಬುವುದು ಅವರ ಮನೆಯಲ್ಲಿ ಉಂಡು ಮಲಗಿದ ನಿನ್ನನ್ನು. ಅವರ ಮುಂದೆ ತಪ್ಪನ್ನು ನಾನು ಒಪ್ಪುತ್ತೇನೆ. ನಿಮ್ಮ ಮಗಳು ನಮಗೆ ಬೇಕು ಎಂದು ಅವರಿಗೆ ಹೇಳಲು ನೀನು ಬೇಕು.

ಅವ್ವನಿಗೆ ನನ್ನ ಶರಣು ತಿಳಿಸು. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಡು. ನಿನ್ನ ಮೈಯಲ್ಲಿ ಬಲ ತುಂಬಲಿ, ಇನ್ನು ಮುಂದೆ ನನ್ನಂಥವರಿಂದ ನಿನಗೆ ಯಾವ ರೋಗವೂ ಬಾರದಿರಲಿ.

ನಿನ್ನ,
ಮಂಗಳಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿನಗೆ ಜ್ವರ ಏರಿದ ದಿನ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕಿದವಳು ನಾನು. ನೀನು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು, “ಹಸೀನಾ, ನನಗ ಭಾಳ ಸಂಕಟ ಆಗಾಕತ್ತೈತಿ. ಮಂಗಳಾಗ ಮಾತ್ರ ಹೇಳಬ್ಯಾಡ, ಬೈತಾಳ” ಎಂದೆ. ನಾನು ಹೇಳುವುದಿಲ್ಲ ಎಂದೆ. ನೀನು ಸಮಾಧಾನದಿಂದ ನಿದ್ದೆ ಹೋದೆ. ಅವಳ ಹೆಸರು ಕರೆದದ್ದನ್ನು ಹೇಗೋ ಸಹಿಸಿಕೊಂಡೇನು. ನನಗೆ ಹೆದರುತ್ತಿದ್ದೆಯಲ್ಲ, ಅದನ್ನು ಎಲ್ಲಿಡಲಿ? ಉತ್ತರ ಬರೆಯುವುದು ಬೇಡ, ಬಾ. ರವಿವಾರ, ಹದಿನಾರನೆಯ ತಾರೀಖು, ಮುಂಜಾನೆ ಒಂಬತ್ತು ಗಂಟೆಗೆ, ಬ್ಯಾಡಗಿ ಬಸ್ ನಿಲ್ದಾಣದಲ್ಲಿ.